ಸತ್ತ ನಕ್ಷತ್ರದ ಮೇಲೆ ಸುರಿಯುವ ಕಲ್ಲುಮಣ್ಣು

ಎಲ್ಲರಿಗೂ ನಮಸ್ಕಾರ. ಬೇರೆ ನಕ್ಷತ್ರಗಳ ಸುತ್ತ ತಿರುಗುವ ಗ್ರಹಗಳು ಈಗ ಸುಮಾರು ಆರು ಸಾವಿರ ಸಿಕ್ಕಿವೆ. ಪತ್ರಿಕೆಗಳಲ್ಲಿ ‘ಇನ್ನೊಂದು ಭೂಮಿ ಪತ್ತೆ’ ಎನ್ನುವ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಆ ಆರು ಸಾವಿರದಲ್ಲಿ ಒಂದೇ ಒಂದು ಗ್ರಹದ ಒಡಲೊಳಗೆ ಏನಿದೆ ಎಂದು ನಮಗೆ ನೇರವಾಗಿ ಗೊತ್ತಿದೆಯೇ? ಇಲ್ಲ.

ಒಂದು ಗ್ರಹದ ಗಾತ್ರವನ್ನೂ ತೂಕವನ್ನೂ ಅಳೆದರೆ ಅದರ ಸಾಂದ್ರತೆ ಸಿಗುತ್ತದೆ. ತೊಂದರೆ ಏನೆಂದರೆ, ಹಲವು ಬಗೆಯ ಒಡಲುಗಳು ಒಂದೇ ಸಾಂದ್ರತೆಯನ್ನು ಕೊಡಬಲ್ಲವು. ದೊಡ್ಡ ಕಬ್ಬಿಣದ ತಿರುಳಿನ ಮೇಲೆ ಆಳವಾದ ನೀರಿನ ಪದರವಿದ್ದರೂ ಆಗಬಹುದು, ಪೂರ್ತಿ ಬಂಡೆಯೇ ಇದ್ದರೂ ಆಗಬಹುದು. ದೂರದ ಗ್ರಹದ ಮಾತು ಹಾಗಿರಲಿ, ನಮ್ಮ ಕಾಲಡಿಯ ಭೂಮಿಯನ್ನೇ ನೋಡಿ. ರಷ್ಯಾದ ಕೋಲಾದಲ್ಲಿ ಕೊರೆದ ಅತಿ ಆಳದ ರಂಧ್ರ 12 ಕಿಲೋಮೀಟರ್ ದಾಟಿ ಸ್ವಲ್ಪ ಮುಂದೆ ಹೋಗಿ ನಿಂತಿತು. ಭೂಮಿಯ ತ್ರಿಜ್ಯ 6,371 ಕಿಲೋಮೀಟರ್. ಒಳಗಿನದನ್ನು ನಾವು ತಿಳಿದದ್ದು ಭೂಕಂಪದ ಅಲೆಗಳಿಂದ, ಮತ್ತು ಆಕಾಶದಿಂದ ಬಿದ್ದ ಉಲ್ಕಾಶಿಲೆಗಳಿಂದ. ಉಲ್ಕಾಶಿಲೆ ನಮ್ಮ ಕೈಗೆ ಸಿಗುತ್ತದೆ, ಒಡೆದು ಪುಡಿ ಮಾಡಿ ಪ್ರಯೋಗಾಲಯಕ್ಕೆ ಕೊಡಬಹುದು. ನೂರು ಜ್ಯೋತಿರ್ವರ್ಷ ಆಚೆಗಿನ ಲೋಕದ ಕಲ್ಲನ್ನು ಯಾರು ತಂದುಕೊಡುತ್ತಾರೆ?

ಅದನ್ನು ಒಡೆದು, ಅರೆದು, ಆವಿ ಮಾಡಿ, ದೀಪದ ಮುಂದೆ ಹರಡಿ ತೋರಿಸುವ ಒಂದು ಜಾಗ ವಿಶ್ವದಲ್ಲಿದೆ. ಅದು ಶ್ವೇತಕುಬ್ಜ, ಅಂದರೆ ಉರಿದು ಮುಗಿದ ನಕ್ಷತ್ರದ ಉಳಿಕೆ. ನನ್ನ ಮಟ್ಟಿಗೆ ಇಂದಿನ ಖಗೋಳ ವಿಜ್ಞಾನದಲ್ಲಿ ಇದಕ್ಕಿಂತ ರೋಮಾಂಚಕವಾದ ವಿಷಯ ಕಡಿಮೆ. ಅದನ್ನು ನಿಮ್ಮ ಮುಂದಿಡಲು ಬಂದಿದ್ದೇನೆ.

ಮೊದಲು ಶ್ವೇತಕುಬ್ಜ ಎಂದರೇನು ಎಂಬುದನ್ನು ಚುರುಕಾಗಿ ಹೇಳಿಬಿಡುತ್ತೇನೆ. ಸೂರ್ಯನಂಥ ನಕ್ಷತ್ರ ತನ್ನ ತಿರುಳಿನ ಜಲಜನಕವನ್ನು ಮುಗಿಸಿದ ಮೇಲೆ ಉಬ್ಬಿ ಕೆಂಪು ದೈತ್ಯವಾಗುತ್ತದೆ. ಹೊರ ಪದರಗಳನ್ನು ಬಾಹ್ಯಾಕಾಶಕ್ಕೆ ಕಳಚಿಬಿಡುತ್ತದೆ. ಉಳಿಯುವುದು ಇಂಗಾಲ, ಆಮ್ಲಜನಕಗಳ ತಿರುಳು ಮಾತ್ರ. ಹೊಸ ಬೆಂಕಿ ಅದರಲ್ಲಿ ಇಲ್ಲ, ಹಳೆಯ ಕಾವು ಆರುತ್ತಾ ಹೋಗುತ್ತದೆ. ಗಾತ್ರ ಭೂಮಿಯಷ್ಟು, ದ್ರವ್ಯರಾಶಿ ಸಾಮಾನ್ಯವಾಗಿ ಸೂರ್ಯನ ಸುಮಾರು 0.6 ಪಾಲು. ಒಂದು ಘನ ಸೆಂಟಿಮೀಟರಿನಷ್ಟು ಅದರ ದ್ರವ್ಯ ನೂರಾರು ಕಿಲೋ ತೂಗುತ್ತದೆ. ಇಷ್ಟೊಂದು ಅಮುಕಿದ ದ್ರವ್ಯ ಕುಸಿಯದೆ ಹೇಗೆ ನಿಂತಿದೆ ಎಂಬುದನ್ನು 1926ರಲ್ಲಿ ರಾಲ್ಫ್ ಫೌಲರ್ ಆಗ ಹೊಸದಾಗಿದ್ದ ಕ್ವಾಂಟಂ ಸಿದ್ಧಾಂತದಿಂದ ವಿವರಿಸಿದರು. 1930ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಲ್ಲಿ 19 ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅದರ ದ್ರವ್ಯರಾಶಿಗೊಂದು ಮಿತಿಯಿದೆ ಎಂದು ಲೆಕ್ಕ ಹಾಕಿದರು. ಇಂದು ಆ ಮಿತಿಯನ್ನು ಸೂರ್ಯನ ಸುಮಾರು 1.4 ಪಟ್ಟು ಎಂದು ಹೇಳುತ್ತೇವೆ. ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರ್ ದೂರದರ್ಶಕಕ್ಕೆ ಅವರದೇ ಹೆಸರು. ಅದನ್ನು ನಡೆಸುವುದು ನಮ್ಮ ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ.

ಈಗ ಇಡೀ ಕಥೆಗೆ ಆಧಾರವಾದ ಸಂಗತಿಗೆ ಬರುತ್ತೇನೆ. ಶ್ವೇತಕುಬ್ಜದ ಮೇಲ್ಮೈಯಲ್ಲಿ ಗುರುತ್ವ ಭೂಮಿಯದಕ್ಕಿಂತ ಸುಮಾರು ಒಂದು ಲಕ್ಷ ಪಟ್ಟು. ಅಂಥ ಸೆಳೆತದಲ್ಲಿ ಭಾರವಾದ ಧಾತುಗಳೆಲ್ಲ ಮುಳುಗಿಹೋಗುತ್ತವೆ. ಮೇಲೆ ತೇಲುವುದು ಅತಿ ಹಗುರವಾದ ಜಲಜನಕ ಅಥವಾ ಹೀಲಿಯಂ ಮಾತ್ರ. ಫ್ರೆಂಚ್ ವಿಜ್ಞಾನಿ ಎವ್ರಿ ಶಾಟ್ಸ್‌ಮನ್ 1940ರ ದಶಕದಲ್ಲೇ ಇದನ್ನು ಹೇಳಿದ್ದರು. ಮುಳುಗಲು ಎಷ್ಟು ಕಾಲ ಬೇಕು? ಬಿಸಿಯಾದ, ಜಲಜನಕದ ಹೊದಿಕೆಯಿರುವ ಶ್ವೇತಕುಬ್ಜದಲ್ಲಿ ಕೆಲವೇ ದಿನ. ತಣ್ಣಗಾದ, ಹೀಲಿಯಂ ಹೊದಿಕೆಯವುಗಳಲ್ಲಿ ಹತ್ತಾರು ಲಕ್ಷ ವರ್ಷ ಹಿಡಿಯಬಹುದು. ಹತ್ತಾರು ಲಕ್ಷ ನಮಗೆ ದೊಡ್ಡದು. ನೂರಾರು ಕೋಟಿ ವರ್ಷಗಳಿಂದ ಆರುತ್ತಿರುವ ನಕ್ಷತ್ರದ ಆಯುಷ್ಯದಲ್ಲಿ ಅದು ಲೆಕ್ಕಕ್ಕಿಲ್ಲ. ಹಾಗಾಗಿ ಶ್ವೇತಕುಬ್ಜದ ಬೆಳಕಿನಲ್ಲಿ ಕ್ಯಾಲ್ಸಿಯಂ, ಕಬ್ಬಿಣ, ಮೆಗ್ನೀಸಿಯಂ ಕಂಡರೆ ಅವು ಹುಟ್ಟಿನಿಂದ ಬಂದವಲ್ಲ. ಕೊಳದ ನೀರು ಕದಡಿದ್ದರೆ ಈಗಷ್ಟೇ ಯಾರೋ ಇಳಿದಿದ್ದಾರೆ ಎಂದು ತಿಳಿಯುವಂತೆ, ಹೊರಗಿನಿಂದ ಏನೋ ಇತ್ತೀಚೆಗೆ ಬಿದ್ದಿದೆ ಎಂದು ತಿಳಿಯಬೇಕು.

ಇದರ ಮೊದಲ ಪುರಾವೆ ಸಿಕ್ಕಿದ್ದು 1917ರಲ್ಲಿ. ಆಗ ಪ್ಲೂಟೋ ಕೂಡ ಪತ್ತೆಯಾಗಿರಲಿಲ್ಲ. ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಏಡ್ರಿಯಾನ್ ವಾನ್ ಮಾನನ್ ಅವರು ಮೀನ ರಾಶಿಯಲ್ಲಿ ಒಂದು ಮಂಕಾದ ನಕ್ಷತ್ರವನ್ನು ಗುರುತಿಸಿದ್ದರು. ಹಿನ್ನೆಲೆಯ ತಾರೆಗಳ ನಡುವೆ ಅದು ವರ್ಷಕ್ಕೆ ಮೂರು ಆರ್ಕ್‌ಸೆಕೆಂಡಿನಷ್ಟು (ಒಂದು ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 3,600ರಲ್ಲಿ ಒಂದು ಪಾಲು) ಸರಿಯುತ್ತಿತ್ತು. ಅಷ್ಟು ವೇಗವಾಗಿ ಸರಿಯುವುದು ಹತ್ತಿರದ ನಕ್ಷತ್ರವೇ ಇರಬೇಕು. ಹೌದು, ಅದು ಇರುವುದು ಸುಮಾರು 14 ಜ್ಯೋತಿರ್ವರ್ಷ ದೂರದಲ್ಲಿ. ಅದೇ ವೀಕ್ಷಣಾಲಯದ ವಾಲ್ಟರ್ ಆಡಮ್ಸ್ ಆ ನಕ್ಷತ್ರದ ರೋಹಿತವನ್ನು, ಅಂದರೆ ಬಣ್ಣಗಳಾಗಿ ಹರಡಿದ ಬೆಳಕನ್ನು, ಗಾಜಿನ ಫಲಕದ ಮೇಲೆ ಹಿಡಿದರು. ರೋಹಿತದಲ್ಲಿ ಪ್ರತಿ ಧಾತುವೂ ತನ್ನದೇ ಗೆರೆಗಳನ್ನು ಮೂಡಿಸುತ್ತದೆ. ಫಲಕದಲ್ಲಿ ಕ್ಯಾಲ್ಸಿಯಂನ ಎರಡು ಗೆರೆಗಳು ನಿಚ್ಚಳವಾಗಿ ಮೂಡಿದ್ದವು. ಕ್ಯಾಲ್ಸಿಯಂ ಗೆರೆ ಸಾಮಾನ್ಯ ನಕ್ಷತ್ರಗಳಲ್ಲೂ ಇರುತ್ತದಾದ್ದರಿಂದ ಸೂರ್ಯನಿಗಿಂತ ತುಸು ಬಿಸಿಯಾದ ನಕ್ಷತ್ರ ಎಂಬಂತೆ ಅದನ್ನು ವರ್ಗೀಕರಿಸಿ ಫಲಕವನ್ನು ಲಕೋಟೆಗೆ ಸೇರಿಸಿದರು. ಆಡಮ್ಸ್ ಅವರನ್ನು ದೂರುವಂತಿಲ್ಲ. ಶ್ವೇತಕುಬ್ಜ ಏಕೆ ಹಾಗಿದೆ ಎಂಬುದನ್ನು ಹೇಳುವ ಭೌತಶಾಸ್ತ್ರವೇ ಆಗ ಹುಟ್ಟಿರಲಿಲ್ಲ. ಸುಮಾರು ನೂರು ವರ್ಷ ಕಳೆದ ಮೇಲೆ ಲಂಡನ್ನಿನ ಖಗೋಳ ವಿಜ್ಞಾನಿ ಜೇ ಫರಿಹಿ ಕೇಳಿಕೊಂಡಾಗ ಕಾರ್ನೆಗಿ ವೀಕ್ಷಣಾಲಯದವರು ತಮ್ಮ ಸಂಗ್ರಹದಿಂದ ಆ ಫಲಕವನ್ನು ಹುಡುಕಿ ತೆಗೆದರು. ಸೌರವ್ಯೂಹದ ಆಚೆಗಿನ ಗ್ರಹವ್ಯವಸ್ಥೆಯೊಂದರ ಅತಿ ಹಳೆಯ ಪುರಾವೆ ಆ ಗಾಜಿನಲ್ಲಿತ್ತು ಎಂದು 2016ರಲ್ಲಿ ಫರಿಹಿ ಬರೆದರು. ಹಳೆಯ ದಾಖಲೆಗಳನ್ನು ಕಸವೆಂದು ಎಸೆಯದೆ ಕಾಪಾಡುವವರ ಬಗ್ಗೆ ನನಗಿರುವ ಗೌರವ ಈ ಒಂದು ಪ್ರಸಂಗದಿಂದ ಇಮ್ಮಡಿಯಾಯಿತು.

ಅಷ್ಟು ಕಾಲ ವಿಜ್ಞಾನಿಗಳು ಈ ಕ್ಯಾಲ್ಸಿಯಂ ಬಗ್ಗೆ ಏನೆಂದುಕೊಂಡಿದ್ದರು? ನಕ್ಷತ್ರಗಳ ನಡುವಿನ ಅನಿಲ-ಧೂಳಿನ ಮೋಡಗಳ ಮೂಲಕ ಹಾದುಹೋಗುವಾಗ ಮೆತ್ತಿಕೊಂಡದ್ದು ಎಂದು. ದಶಕಗಳ ಕಾಲ ಆ ವಿವರಣೆ ನಡೆಯಿತು. ಅದು ಅವಿವೇಕದ ಮಾತೇನಲ್ಲ. ಆದರೆ ಲೆಕ್ಕ ಕೂಡಲಿಲ್ಲ. ಆ ಮೋಡಗಳಲ್ಲಿ ಬಹುಪಾಲು ಇರುವುದು ಜಲಜನಕ. ಮೋಡದಿಂದ ಕ್ಯಾಲ್ಸಿಯಂ ಬಂದಿದ್ದರೆ ಅದರ ಜೊತೆಗೆ ರಾಶಿ ರಾಶಿ ಜಲಜನಕವೂ ಬರಬೇಕಿತ್ತು. ಜಲಜನಕ ಮುಳುಗುವುದಿಲ್ಲ, ಮೇಲೆಯೇ ಉಳಿಯುತ್ತದೆ. ಹೀಲಿಯಂ ಹೊದಿಕೆಯ ಎಷ್ಟೋ ಶ್ವೇತಕುಬ್ಜಗಳಲ್ಲಿ ಅದು ಇರಲೇ ಇಲ್ಲ. ಇಂಗಾಲವೂ ತೀರ ಕಡಿಮೆ. ಜಲಜನಕ ಇಲ್ಲ, ಇಂಗಾಲ ಇಲ್ಲ, ಕ್ಯಾಲ್ಸಿಯಂ ಇದೆ, ಕಬ್ಬಿಣ ಇದೆ ಎಂದರೆ ಅದು ಮೋಡವಲ್ಲ, ಕಲ್ಲು.

ಕಲ್ಲಿನ ಧೂಳು ಕಣ್ಣಿಗೆ ಬಿದ್ದದ್ದು 1987ರಲ್ಲಿ. ಬೆನ್ ಝಕರ್‌ಮನ್ ಮತ್ತು ಎರಿಕ್ ಬೆಕ್ಲಿನ್ ಇಬ್ಬರೂ ಜಿ 29-38 ಎಂಬ ಶ್ವೇತಕುಬ್ಜದಿಂದ ಅವಗೆಂಪು (ಇನ್‌ಫ್ರಾರೆಡ್) ಕಿರಣಗಳು ಇರಬೇಕಾದ್ದಕ್ಕಿಂತ ಹೆಚ್ಚು ಬರುತ್ತಿವೆ ಎಂದು ಕಂಡರು. ಇದೂ ಮೀನ ರಾಶಿಯಲ್ಲೇ ಇದೆ, ಸುಮಾರು 57 ಜ್ಯೋತಿರ್ವರ್ಷ ದೂರ. ಸುಮಾರು 1,200 ಕೆಲ್ವಿನ್ ಬಿಸಿಯ ಏನೋ ಒಂದು ಅದರ ಪಕ್ಕದಲ್ಲಿದೆ, ಬಹುಶಃ ಕಂದು ಕುಬ್ಜ ಎಂದು ಅವರು ಊಹಿಸಿದರು. ನಕ್ಷತ್ರವಾಗಲು ತೂಕ ಸಾಲದ ಕಾಯಗಳಿಗೆ ಆ ಹೆಸರು. ಆದರೆ ಜಿ 29-38 ಕೆಲವು ನಿಮಿಷಗಳಿಗೊಮ್ಮೆ ಮಿಡಿಯುವ ನಕ್ಷತ್ರ. ಅದರ ಬೆಳಕು ಏರಿಳಿದಂತೆ ಪಕ್ಕದ ಅವಗೆಂಪು ಹೊಳಪೂ ತಾಳ ಹಿಡಿದು ಏರಿಳಿಯುತ್ತಿತ್ತು. ಕಂದು ಕುಬ್ಜವಾಗಿದ್ದರೆ ಅದಕ್ಕೆ ತನ್ನದೇ ಬೆಳಕಿರುತ್ತಿತ್ತು, ಹಾಗೆ ಕುಣಿಯುತ್ತಿರಲಿಲ್ಲ. ನಕ್ಷತ್ರದ ಬೆಳಕನ್ನು ಹೀರಿ ತಕ್ಷಣ ಹಿಂದಿರುಗಿಸುವುದು ಧೂಳು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಆ ಧೂಳು ನಕ್ಷತ್ರಕ್ಕೆ ಎಷ್ಟು ಹತ್ತಿರವಿತ್ತು ಗೊತ್ತೇ? ನಮ್ಮ ಸೂರ್ಯನ ಗಾತ್ರದೊಳಗೆ ಹಿಡಿಸುವಷ್ಟು ಹತ್ತಿರ. ಹಿಂದೊಮ್ಮೆ ಈ ನಕ್ಷತ್ರ ಕೆಂಪು ದೈತ್ಯವಾಗಿದ್ದಾಗ ಆ ಜಾಗವೆಲ್ಲ ನಕ್ಷತ್ರದ ಹೊಟ್ಟೆಯೊಳಗೇ ಇತ್ತು. ಅಲ್ಲಿ ಹಳೆಯದೇನೂ ಉಳಿದಿರಲು ಸಾಧ್ಯವಿಲ್ಲ. ಅಂದಮೇಲೆ ಈ ಧೂಳು ಆಮೇಲೆ ಬಂದದ್ದು, ದೂರದಿಂದ ಬಂದದ್ದು. 2003ರಲ್ಲಿ ಮೈಕೆಲ್ ಜುರಾ ಒಂದು ಚಿಕ್ಕ ಪ್ರಬಂಧದಲ್ಲಿ ಇದಕ್ಕೆ ಉತ್ತರ ಕೊಟ್ಟರು. ಒಂದು ಕ್ಷುದ್ರಗ್ರಹ ದಾರಿ ತಪ್ಪಿ ಶ್ವೇತಕುಬ್ಜದ ತೀರ ಹತ್ತಿರ ಹೋಗಿದೆ, ನಕ್ಷತ್ರದ ಸೆಳೆತ ಅದನ್ನು ಸೀಳಿ ಹಾಕಿದೆ, ಚೂರುಗಳು ಸವೆದು ಧೂಳಾಗಿ ಶನಿಯ ಉಂಗುರದಂತೆ ಚಪ್ಪಟೆಯಾದ ಬಿಲ್ಲೆಯಾಗಿ ಹರಡಿವೆ. ಆ ಬಿಲ್ಲೆಯಿಂದ ಧೂಳು ಮೆಲ್ಲಗೆ ನಕ್ಷತ್ರದ ಮೇಲೆ ಸುರಿಯುತ್ತಿದೆ. ಸ್ಪಿಟ್ಝರ್ ಬಾಹ್ಯಾಕಾಶ ದೂರದರ್ಶಕ ಜಿ 29-38ರ ಅವಗೆಂಪು ರೋಹಿತ ತೆಗೆದಾಗ 10 ಮೈಕ್ರಾನ್ ತರಂಗಾಂತರದ ಬಳಿ ಸಿಲಿಕೇಟ್ ಖನಿಜಗಳ ಗುರುತು ಎದ್ದು ಕಂಡಿತು. ಸಿಲಿಕೇಟ್ ಎಂದರೆ ಬಂಡೆಯ ಜೀವಾಳ.

ಸೆಳೆತ ಸೀಳುವುದೆಂದರೆ ಹೇಗೆ? ಕಲ್ಲಿನ ನಕ್ಷತ್ರದ ಕಡೆಗಿನ ಬದಿಯನ್ನು ಗುರುತ್ವ ಹೆಚ್ಚು ಎಳೆಯುತ್ತದೆ, ಆಚೆ ಬದಿಯನ್ನು ಕಡಿಮೆ. ಈ ವ್ಯತ್ಯಾಸ ಕಲ್ಲಿನ ಸ್ವಂತ ಗುರುತ್ವವನ್ನು ಮೀರಿದರೆ ಅದು ಬಿಚ್ಚಿಕೊಳ್ಳುತ್ತದೆ. ಆ ಗಡಿಗೆ ರೋಶ್ ಮಿತಿ ಎಂದು ಹೆಸರು. 1992ರಲ್ಲಿ ಶೂಮೇಕರ್-ಲೆವಿ 9 ಧೂಮಕೇತು ಗುರುಗ್ರಹದ ಹತ್ತಿರ ಹೋಗಿ ಚೂರುಚೂರಾಗಿ, 1994ರ ಜುಲೈನಲ್ಲಿ ಆ ಚೂರುಗಳು ಒಂದೊಂದಾಗಿ ಗುರುವಿಗೆ ಬಡಿದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಶ್ವೇತಕುಬ್ಜದಲ್ಲಿ ಆ ಗಡಿ ಸುಮಾರು ಸೂರ್ಯನ ತ್ರಿಜ್ಯದಷ್ಟು ದೂರದಲ್ಲಿದೆ, ಅಂದರೆ ಏಳು ಲಕ್ಷ ಕಿಲೋಮೀಟರ್.

ಇನ್ನು, ಕೋಟ್ಯಂತರ ವರ್ಷ ನೆಟ್ಟಗೆ ಸುತ್ತುತ್ತಿದ್ದ ಕ್ಷುದ್ರಗ್ರಹ ದಾರಿ ತಪ್ಪುವುದೇಕೆ? ನಕ್ಷತ್ರ ಸಾಯುವಾಗ ಸುಮಾರು ಅರ್ಧದಷ್ಟು ದ್ರವ್ಯ ಕಳೆದುಕೊಳ್ಳುತ್ತದೆ. ಹಿಡಿತ ಸಡಿಲವಾಗಿ, ಉಳಿದ ಗ್ರಹಗಳ ಕಕ್ಷೆಗಳೆಲ್ಲ ಹಿಗ್ಗುತ್ತವೆ. ನಕ್ಷತ್ರದ ಎಳೆತಕ್ಕೆ ಹೋಲಿಸಿದರೆ ಗ್ರಹಗಳು ಪರಸ್ಪರ ಎಳೆಯುವುದೇ ಈಗ ಹೆಚ್ಚು ಪರಿಣಾಮಕಾರಿ. ಹಳೆಯ ಒಪ್ಪಂದ ಮುರಿದು ದೊಡ್ಡ ಗ್ರಹಗಳು ಸಣ್ಣ ಕಲ್ಲುಗಳನ್ನು ಒಳಕ್ಕೆ ತಳ್ಳುತ್ತವೆ. ಜಾನ್ ಡೆಬಿಸ್ ಮತ್ತು ಸ್ಟೈನ್ ಸಿಗುರ್ಡ್‌ಸನ್ 2002ರಲ್ಲೇ ಇಂಥದೊಂದು ಚಿತ್ರ ಕೊಟ್ಟಿದ್ದರು. ಅಂದರೆ ಶ್ವೇತಕುಬ್ಜದ ಮೇಲಿನ ಕಬ್ಬಿಣದ ಒಂದು ಗೆರೆ ಕಲ್ಲಿನ ಕಥೆಯನ್ನಷ್ಟೇ ಹೇಳುವುದಿಲ್ಲ. ಕಣ್ಣಿಗೆ ಕಾಣದ ಯಾವುದೋ ಗ್ರಹ ಇನ್ನೂ ಬದುಕಿದೆ, ಅದೇ ಈ ಕಲ್ಲನ್ನು ತಳ್ಳಿತು ಎಂದೂ ಸೂಚಿಸುತ್ತದೆ.

ಇಷ್ಟಾದರೂ ಇದೆಲ್ಲ ಕೃತ್ಯ ನಡೆದ ಮೇಲಿನ ಪುರಾವೆ. ಕೃತ್ಯ ನಡೆಯುವಾಗಲೇ ಕಂಡದ್ದು 2015ರಲ್ಲಿ. ಆಗ ಹಾರ್ವರ್ಡ್‌ನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ವ್ಯಾಂಡರ್‌ಬರ್ಗ್ ಮತ್ತು ಸಂಗಡಿಗರು ಗ್ರಹಗಳನ್ನು ಹುಡುಕುವ ಕೆಪ್ಲರ್ ಬಾಹ್ಯಾಕಾಶ ದೂರದರ್ಶಕದ ದತ್ತಾಂಶದಲ್ಲಿ ಡಬ್ಲ್ಯುಡಿ 1145+017 ಎಂಬ ಶ್ವೇತಕುಬ್ಜ ಸುಮಾರು 4.5 ಗಂಟೆಗೊಮ್ಮೆ ಮಂಕಾಗುವುದನ್ನು ಕಂಡರು. ಕನ್ಯಾ ರಾಶಿಯಲ್ಲಿ, ನೂರಾರು ಜ್ಯೋತಿರ್ವರ್ಷ ದೂರದಲ್ಲಿ ಅದಿದೆ. ಗ್ರಹ ಅಡ್ಡಬಂದರೆ ಬೆಳಕು ಪ್ರತಿ ಸಲ ಒಂದೇ ಅಳತೆಯಲ್ಲಿ ಕುಗ್ಗಬೇಕು. ಇಲ್ಲಿ ಹಾಗಿರಲಿಲ್ಲ. ಒಮ್ಮೆ ಅಲ್ಪ, ಇನ್ನೊಮ್ಮೆ ಶೇಕಡ 40ರಷ್ಟು. ಮಂಕಾಗುವುದು ಥಟ್ಟನೆ, ಮತ್ತೆ ಬೆಳಗುವುದು ನಿಧಾನ, ಧೂಮಕೇತುವಿನಂತೆ ಬಾಲವಿರುವ ಏನೋ ಹಾದುಹೋಗುತ್ತಿರುವ ಹಾಗೆ. ಒಡೆಯುತ್ತಿರುವ ಕಾಯ, ಅದರಿಂದ ಏಳುತ್ತಿರುವ ಧೂಳಿನ ಮೋಡಗಳು. ಅದೇ ನಕ್ಷತ್ರದ ರೋಹಿತದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸಿಲಿಕಾನ್, ಕಬ್ಬಿಣ ಎಲ್ಲವೂ ಇದ್ದವು. ಬೀಳುತ್ತಿರುವ ಕಲ್ಲೂ, ಬಿದ್ದು ಕರಗಿದ ಕಲ್ಲೂ ಒಂದೇ ಜಾಗದಲ್ಲಿ ಸಿಕ್ಕವು. 2022ರಲ್ಲಿ ಇನ್ನೊಂದು ಕೊಂಡಿ ಸೇರಿತು. ಚಂದ್ರಶೇಖರ್ ಅವರ ಹೆಸರಿನ ಚಂದ್ರ ಎಕ್ಸ್-ರೇ ವೀಕ್ಷಣಾಲಯ ಜಿ 29-38ರಿಂದ ಬರುವ ಕ್ಷೀಣ ಎಕ್ಸ್-ಕಿರಣಗಳನ್ನು ಹಿಡಿಯಿತು. ಕಲ್ಲಿನ ಆವಿ ನಕ್ಷತ್ರದ ಮೇಲ್ಮೈಗೆ ಅಪ್ಪಳಿಸಿ ಲಕ್ಷಾಂತರ ಡಿಗ್ರಿಗೆ ಕಾಯುವಾಗ ಹೊಮ್ಮುವ ಕಿರಣಗಳವು.

ಈಗ ನನಗೆ ಅತ್ಯಂತ ಪ್ರಿಯವಾದ ಭಾಗ. ಆ ಕಲ್ಲುಗಳು ಯಾವುದರಿಂದ ಆಗಿವೆ?

ಜಿಡಿ 362 ಎಂಬ ಶ್ವೇತಕುಬ್ಜದಲ್ಲಿ ಝಕರ್‌ಮನ್ ತಂಡ 2007ರಲ್ಲಿ 17 ಧಾತುಗಳನ್ನು ಎಣಿಸಿತು. ಇಡೀ ಭೂಮಿಯ ತೂಕದಲ್ಲಿ ಶೇಕಡ 90ಕ್ಕಿಂತ ಹೆಚ್ಚು ಪಾಲು ನಾಲ್ಕೇ ಧಾತುಗಳದು: ಕಬ್ಬಿಣ, ಆಮ್ಲಜನಕ, ಸಿಲಿಕಾನ್, ಮೆಗ್ನೀಸಿಯಂ. ಚೆನ್ನಾಗಿ ಅಳೆದ ಶ್ವೇತಕುಬ್ಜಗಳಲ್ಲಿ ಹೆಚ್ಚಿನವುಗಳ ಮೇಲೆ ಬಿದ್ದ ಕಲ್ಲಿನಲ್ಲೂ ಇವೇ ನಾಲ್ಕು ಮುಂದೆ ನಿಲ್ಲುತ್ತವೆ, ಇಂಗಾಲ ಹಿಂದೆ ಉಳಿಯುತ್ತದೆ. ಇಂಗಾಲವೇ ತುಂಬಿದ ವಜ್ರದ ಗ್ರಹಗಳ ಬಗ್ಗೆ ಒಂದು ಕಾಲದಲ್ಲಿ ಬಹಳ ಚರ್ಚೆ ನಡೆದಿತ್ತು. ಅವು ಎಲ್ಲೂ ಇಲ್ಲವೆಂದು ನಾನು ಹೇಳುವುದಿಲ್ಲ, ಆದರೆ ಸಾಮಾನ್ಯವಂತೂ ಅಲ್ಲ. 2019ರಲ್ಲಿ ಲಾಸ್ ಏಂಜಲಿಸ್‌ನ ಅಲೆಕ್ಸಾಂಡ್ರಾ ಡಾಯ್ಲ್ ಮತ್ತು ಸಹೋದ್ಯೋಗಿಗಳು ಆರು ಶ್ವೇತಕುಬ್ಜಗಳನ್ನು ಆಯ್ದು, ಬಿದ್ದ ಕಲ್ಲಿನಲ್ಲಿ ಕಬ್ಬಿಣ ಎಷ್ಟರಮಟ್ಟಿಗೆ ಆಮ್ಲಜನಕದೊಡನೆ ಕೂಡಿಕೊಂಡಿತ್ತು ಎಂದು ಲೆಕ್ಕ ಹಾಕಿದರು. ಉತ್ತರ ಭೂಮಿ, ಮಂಗಳ ಮತ್ತು ನಮ್ಮ ಕ್ಷುದ್ರಗ್ರಹಗಳಿಗೆ ಹತ್ತಿರ ಬಂತು. ಈ ಕೂಡಿಕೆಯ ಮೇಲೆ ಗ್ರಹಕ್ಕೆ ಎಂಥ ತಿರುಳು, ಎಂಥ ವಾತಾವರಣ ಎಂಬುದು ನಿಂತಿರುತ್ತದೆ. ಬೇರೆ ಲೋಕದ ಕಲ್ಲಿನ ಬಗ್ಗೆ ಇಷ್ಟು ಸೂಕ್ಷ್ಮವಾದ ಪ್ರಶ್ನೆ ಕೇಳಿ ಉತ್ತರ ಪಡೆಯಬಹುದು ಎಂಬುದೇ ನನಗೆ ಈಗಲೂ ಅಚ್ಚರಿ.

ಎಲ್ಲವೂ ಒಂದೇ ಬಗೆ ಎಂದುಕೊಳ್ಳಬೇಡಿ. ಜಿಡಿ 61ರಲ್ಲಿ ಆಮ್ಲಜನಕ ಲೆಕ್ಕಕ್ಕಿಂತ ಹೆಚ್ಚಿತ್ತು. ಬಂಡೆಯ ಖನಿಜಗಳಿಗೆಲ್ಲ ಹಂಚಿದ ಮೇಲೂ ಮಿಗುತ್ತಿತ್ತು. ಆ ಮಿಕ್ಕದ್ದು ನೀರಿನದು ಎಂದು 2013ರಲ್ಲಿ ಫರಿಹಿ ತಂಡ ತೀರ್ಮಾನಿಸಿತು: ಕಾಯದ ತೂಕದ ಸುಮಾರು ಕಾಲು ಭಾಗ ನೀರು. ಭೂಮಿಯಲ್ಲಿ ಸಾಗರಗಳೆಲ್ಲ ಸೇರಿದರೂ ತೂಕದಲ್ಲಿ ಅದು ಶೇಕಡ 0.02ರ ಆಸುಪಾಸು. ಇನ್ನು ಕೆಲವು ಕಡೆ ಕಬ್ಬಿಣ ವಿಪರೀತ, ಕೆಲವು ಕಡೆ ಕಬ್ಬಿಣ ಕಡಿಮೆ. ಅಂದರೆ ಆ ಕಾಯಗಳು ಒಮ್ಮೆ ಕರಗಿ, ಕಬ್ಬಿಣ ಕೆಳಗಿಳಿದು ತಿರುಳಾಗಿ, ಮೇಲೆ ಬಂಡೆಯ ಹೊದಿಕೆ ಉಳಿದು, ಆಮೇಲೆ ಡಿಕ್ಕಿಯಲ್ಲಿ ಒಡೆದು ಹೋಳಾಗಿವೆ. 2019ರಲ್ಲಿ ಕ್ರಿಸ್ಟೋಫರ್ ಮ್ಯಾನ್ಸರ್ ತಂಡ ಎಸ್‌ಡಿಎಸ್‌ಎಸ್ ಜೆ1228+1040 ಎಂಬ ಶ್ವೇತಕುಬ್ಜದ ಬಿಲ್ಲೆಯೊಳಗೆ 123 ನಿಮಿಷಕ್ಕೊಂದು ಸುತ್ತು ಹಾಕುತ್ತಿರುವ ಕಾಯದ ಸುಳಿವು ಹಿಡಿಯಿತು. ಅದು ರೋಶ್ ಮಿತಿಯ ಒಳಗಿದೆ. ಸಾಮಾನ್ಯ ಕಲ್ಲುಗುಡ್ಡೆಯಾಗಿದ್ದರೆ ಎಂದೋ ಪುಡಿಯಾಗಬೇಕಿತ್ತು. ಉಳಿದಿದೆ ಎಂದರೆ ಅದು ಗಟ್ಟಿ, ಬಹುಶಃ ಯಾವುದೋ ಸಣ್ಣ ಗ್ರಹದ ಹೊದಿಕೆ ಕಳಚಿಹೋಗಿ ಉಳಿದ ಲೋಹದ ತಿರುಳು.

ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಬಿದ್ದದ್ದರಲ್ಲಿ ಹೆಚ್ಚಿನವು ಕ್ಷುದ್ರಗ್ರಹದ ಗಾತ್ರದವು, ಇಡೀ ಗ್ರಹಗಳಲ್ಲ. ಧಾತುಗಳು ಮುಳುಗುವ ವೇಗವೂ ಬೇರೆ ಬೇರೆ, ಆದ್ದರಿಂದ ಈಗ ಮೇಲೆ ಕಾಣುವ ಪ್ರಮಾಣವನ್ನು ತಿದ್ದಿಕೊಳ್ಳದೆ ಮೂಲದ ಪ್ರಮಾಣ ಹೇಳಲಾಗದು. ‘ಭೂಮಿಯಂಥ ಗ್ರಹವನ್ನು ನುಂಗಿದ ನಕ್ಷತ್ರ’ ಎಂಬ ತಲೆಬರಹ ಕಂಡರೆ ಆ ತಿದ್ದುಪಡಿ ಹೇಗೆ ಮಾಡಿದ್ದಾರೆ ಎಂದು ಕೇಳಿ.

ಉಪನ್ಯಾಸದ ನಂತರ ಒಬ್ಬರು ಇಂಥವು ಎಷ್ಟು ಅಪರೂಪ ಎಂದು ಕೇಳಿದರು. ಅಪರೂಪವೇ ಅಲ್ಲ. ಎಚ್ಚರಿಕೆಯಿಂದ ಹುಡುಕಿದರೆ ಶ್ವೇತಕುಬ್ಜಗಳಲ್ಲಿ ಕಾಲು ಭಾಗದಿಂದ ಅರ್ಧದವರೆಗೆ ಕಲ್ಲಿನ ಗುರುತು ಸಿಗುತ್ತದೆ. ಅವಗೆಂಪಿನಲ್ಲಿ ಧೂಳಿನ ಬಿಲ್ಲೆ ಕಾಣುವುದು ಮಾತ್ರ ನೂರಕ್ಕೆ ಒಂದರಿಂದ ಮೂರರಲ್ಲಿ. ನಮ್ಮ ಸೂರ್ಯನ ಗತಿಯೂ ಇದೇನಾ ಎಂದು ಇನ್ನೊಬ್ಬರು ಕೇಳಿದರು. ಇನ್ನು ಸುಮಾರು 500 ಕೋಟಿ ವರ್ಷಕ್ಕೆ ಸೂರ್ಯ ಉಬ್ಬಿದಾಗ ಬುಧ, ಶುಕ್ರ ಒಳಗೆ ಹೋಗುತ್ತವೆ. ಭೂಮಿಯದು ಅಂಚಿನ ಮೇಲಿನ ಪ್ರಶ್ನೆ, ಲೆಕ್ಕಗಳಲ್ಲಿ ಒಮ್ಮತವಿಲ್ಲ. ಮಂಗಳ, ಗುರು, ಶನಿ ಉಳಿಯುತ್ತವೆ, ಕ್ಷುದ್ರಗ್ರಹ ಪಟ್ಟಿಯ ಬಹಳಷ್ಟು ಕಲ್ಲುಗಳೂ ಉಳಿಯುತ್ತವೆ. ಗುರು ಅವುಗಳಲ್ಲಿ ಕೆಲವನ್ನು ಒಳಕ್ಕೆ ತಳ್ಳುವ ಸಾಧ್ಯತೆ ಇದ್ದೇ ಇದೆ.

ಮೂರನೆಯ ಪ್ರಶ್ನೆ, ನಮ್ಮವರು ಈ ಕ್ಷೇತ್ರದಲ್ಲಿ ಏನು ಮಾಡುತ್ತಿದ್ದಾರೆ ಎಂಬುದು. ಬೆಂಗಳೂರಿನ ಕೋರಮಂಗಲದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯಲ್ಲಿ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕದ ದತ್ತಾಂಶದ ಮೇಲೆ ಕೆಲಸ ಮಾಡಿದ ಸ್ನೇಹಲತಾ ಸಾಹು ಮುಂದೆ ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯ ಸೇರಿದರು. ಅವರ ನೇತೃತ್ವದ ತಂಡ 2025ರಲ್ಲಿ ಡಬ್ಲ್ಯುಡಿ 1647+375 ಎಂಬ ಶ್ವೇತಕುಬ್ಜದ ಬಗ್ಗೆ ಬರೆಯಿತು. ಸುಮಾರು 260 ಜ್ಯೋತಿರ್ವರ್ಷ ದೂರದ ಆ ನಕ್ಷತ್ರದ ಮೇಲೆ ಬೀಳುತ್ತಿರುವುದು ಒಣ ಕಲ್ಲಲ್ಲ, ಹಿಮದ ಕಾಯ. ತೂಕದಲ್ಲಿ ಶೇಕಡ 64 ನೀರು, ಜೊತೆಗೆ ಶೇಕಡ 5ರಷ್ಟು ಸಾರಜನಕ. ಪ್ಲೂಟೋದ ಮೇಲ್ಮೈಯಲ್ಲಿರುವಂಥ ಸಾರಜನಕದ ಹಿಮವನ್ನು ನೆನಪಿಸುವ ಸಂಯೋಜನೆ.

ಇದು ಸಾಧ್ಯವಾದದ್ದು ಹಬಲ್ ದೂರದರ್ಶಕದಲ್ಲಿ 2009ರಲ್ಲಿ ಅಳವಡಿಸಿದ ಅತಿನೇರಳೆ ರೋಹಿತ ಮಾಪಕದಿಂದ. ಇಂಗಾಲ, ಸಾರಜನಕ, ಗಂಧಕ, ಆಮ್ಲಜನಕಗಳ ಪ್ರಬಲ ಗೆರೆಗಳೆಲ್ಲ ಅತಿನೇರಳೆಯಲ್ಲಿವೆ, ಆ ಕಿರಣಗಳನ್ನು ನಮ್ಮ ವಾತಾವರಣ ಕೆಳಗೆ ಬಿಡುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣವನ್ನು ನೆಲದ ಮೇಲಿಂದಲೇ ಓದಬಹುದು. ನೀರು, ಹಿಮ, ಜೀವಕ್ಕೆ ಬೇಕಾದ ಹಗುರ ಧಾತುಗಳ ಲೆಕ್ಕ ಬೇಕಾದರೆ ಮೇಲಕ್ಕೆ ಹೋಗಲೇಬೇಕು. 1990ರಲ್ಲಿ ಹಾರಿದ ಹಬಲ್ 2024ರ ಜೂನ್‌ನಿಂದ ದಿಕ್ಕು ಹಿಡಿಯಲು ನೆರವಾಗುವ ಒಂದೇ ಜೈರೋಸ್ಕೋಪಿನ ಆಧಾರದಲ್ಲಿ ನಡೆಯುತ್ತಿದೆ. ಜೇಮ್ಸ್ ವೆಬ್ ದೂರದರ್ಶಕ ಅವಗೆಂಪಿನದು, ಈ ಕೆಲಸಕ್ಕೆ ಒದಗದು. ಕೋರಮಂಗಲದ ಅದೇ ಸಂಸ್ಥೆ ಇನ್ಸಿಸ್ಟ್ ಎಂಬ ಒಂದು ಮೀಟರ್ ದರ್ಜೆಯ ಅತಿನೇರಳೆ ಬಾಹ್ಯಾಕಾಶ ದೂರದರ್ಶಕದ ಪ್ರಸ್ತಾಪವನ್ನು ಮುಂದಿಟ್ಟಿದೆ. ಅದರಲ್ಲಿ ರೋಹಿತ ತೆಗೆಯುವ ಸೌಲಭ್ಯವೂ ಸೇರಿದೆ. ಆಸ್ಟ್ರೋಸ್ಯಾಟ್ ಕಟ್ಟಿ ನಡೆಸಿದ ಅನುಭವ ನಮ್ಮಲ್ಲಿದೆ. ಹಬಲ್ ಕಣ್ಣು ಮುಚ್ಚುವ ಮೊದಲು ಇಂಥದೊಂದು ಕಣ್ಣು ಮೇಲಿರಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ನಿಮ್ಮಲ್ಲಿ ಭೌತಶಾಸ್ತ್ರ ಓದುತ್ತಿರುವ ಮಕ್ಕಳಿದ್ದರೆ, ಆ ದತ್ತಾಂಶವನ್ನು ಓದುವ ಕೆಲಸ ನಿಮಗಾಗಿ ಕಾದಿದೆ.